ದೇವಜನರಾಗಿ ಕ್ರೈಸ್ತಸಭೆ: ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಸೀಮೆ

ಕ್ರೈಸ್ತಸಭೆ ಎಂದರೆ ಯೇಸು ಕ್ರಿಸ್ತನನ್ನು ಕರ್ತನೆಂದು ಒಪ್ಪಿ, ದೀಕ್ಷಾಸ್ನಾನದ ಮೂಲಕ ಒಂದಾಗಿ, ತಮ್ಮನ್ನು ದೇವರ ಸ್ವಕೀಯ ಪ್ರಜೆಯೆಂದು ನಂಬುವ ಜನರ ಸಮುದಾಯ. ಈ ಲೇಖನವು ಸಭೆಯ ಸ್ವರೂಪ ಮತ್ತು ಉದ್ದೇಶವನ್ನು ಕುರಿತ ಕ್ರೈಸ್ತ ತಿಳಿವಳಿಕೆಯನ್ನೂ, ಬಾಗಲಕೋಟೆ ಜಿಲ್ಲೆಯ ಪಶ್ಚಿಮ ಮತ್ತು ಉತ್ತರ ಭಾಗದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ತಾಲ್ಲೂಕುಗಳಲ್ಲಿಯೂ ಅವುಗಳ ಸುತ್ತಲಿನ ಉತ್ತರ ಕರ್ನಾಟಕದಲ್ಲಿಯೂ ಅದು ತಳೆದ ರೂಪವನ್ನೂ ವಿವರಿಸುತ್ತದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಕ್ರೈಸ್ತರ ಸಂಖ್ಯೆ ಬಹಳ ಚಿಕ್ಕದು. ಇಲ್ಲಿನ ಸಭೆಗಳ ಹಿನ್ನೆಲೆ ಗುಳೇದಗುಡ್ಡ, ಬೆಟಗೇರಿ, ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ಸಭಾಚರಿತ್ರೆಯೊಡನೆ ಹೆಣೆದುಕೊಂಡಿದೆ.

ಪದಬಳಕೆ

ಕನ್ನಡದ ಪ್ರೊಟೆಸ್ಟೆಂಟರಲ್ಲಿ ‘ಸಭೆ’ ಎಂಬ ಪದವೇ ರೂಢಿಯಲ್ಲಿದೆ. ಕಥೋಲಿಕರು ‘ಧರ್ಮಸಭೆ’ ಎನ್ನುತ್ತಾರೆ. ಎರಡೂ ಜನಸಮುದಾಯವನ್ನು ಸೂಚಿಸುತ್ತವೆ. ಕಟ್ಟಡಕ್ಕೆ ‘ದೇವಾಲಯ’ ಅಥವಾ ಆಡುಮಾತಿನಲ್ಲಿ ‘ಚರ್ಚು’ ಎಂಬ ಹೆಸರು. ಸಭೆಯನ್ನು ನಡೆಸುವವರು ಪ್ರೊಟೆಸ್ಟೆಂಟರಲ್ಲಿ ಸಭಾಪಾಲಕರು, ಕಥೋಲಿಕರಲ್ಲಿ ಗುರುಗಳು. ಪ್ರೊಟೆಸ್ಟೆಂಟರು ಸುವಾರ್ತೆ ಮತ್ತು ಕರ್ತನ ಭೋಜನ ಎನ್ನುವಲ್ಲಿ ಕಥೋಲಿಕರು ಶುಭಸಂದೇಶ ಮತ್ತು ಪರಮಪ್ರಸಾದ ಎನ್ನುತ್ತಾರೆ. ‘ದೇವಜನ’, ‘ದೇವಪ್ರಜೆ’ ಎಂಬ ಮಾತುಗಳು ಇಬ್ಬರಿಗೂ ಪರಿಚಿತ. ಈ ಲೇಖನದಲ್ಲಿ ‘ಸಭೆ’ ಎಂಬುದನ್ನು ಎಲ್ಲ ಪಂಗಡಗಳಿಗೂ ಅನ್ವಯಿಸುವ ಸಾಮಾನ್ಯ ಪದವಾಗಿ ಬಳಸಲಾಗಿದೆ.

ಬೈಬಲಿನ ಮೂಲ

ದೇವಜನವೆಂಬ ಕಲ್ಪನೆ ಹುಟ್ಟಿದ್ದು ಇಸ್ರಾಯೇಲರ ಚರಿತ್ರೆಯಲ್ಲಿ. ಐಗುಪ್ತದ ದಾಸತ್ವದಿಂದ ಹೊರಬಂದ ಜನ ಸೀನಾಯಿ ಬೆಟ್ಟದ ಬಳಿ ದೇವರೊಡನೆ ಒಡಂಬಡಿಕೆ ಮಾಡಿಕೊಂಡ ಪ್ರಸಂಗ ವಿಮೋಚನಕಾಂಡದ 19ನೆಯ ಅಧ್ಯಾಯದಲ್ಲಿದೆ. ಅಲ್ಲಿ ಆ ಜನರನ್ನು ಯಾಜಕರಾಜ್ಯವೆಂದೂ ಪರಿಶುದ್ಧ ಜನಾಂಗವೆಂದೂ ಕರೆಯಲಾಗಿದೆ. ಈ ಆಯ್ಕೆಗೆ ಜನರ ಸಂಖ್ಯೆಯಾಗಲಿ ಬಲವಾಗಲಿ ಕಾರಣವಲ್ಲ ಎಂಬುದನ್ನು ಧರ್ಮೋಪದೇಶಕಾಂಡ ಒತ್ತಿ ಹೇಳುತ್ತದೆ. ಒಡಂಬಡಿಕೆ ಮುರಿದ ಜನ ‘ನನ್ನ ಪ್ರಜೆಯಲ್ಲ’ ಎನಿಸಿಕೊಳ್ಳುವುದೂ, ಮತ್ತೆ ದೇವರ ಪ್ರಜೆಯಾಗುವುದೂ ಪ್ರವಾದಿ ಹೋಶೇಯನ ಗ್ರಂಥದ ವಸ್ತು.

ಹೊಸ ಒಡಂಬಡಿಕೆಯ ಲೇಖಕರು ಇದೇ ಮಾತುಗಳನ್ನು ಯೇಸುವಿನ ಶಿಷ್ಯಸಮುದಾಯಕ್ಕೆ ಅನ್ವಯಿಸಿದರು. ಪೇತ್ರನ ಮೊದಲನೆಯ ಪತ್ರದ 2ನೆಯ ಅಧ್ಯಾಯದಲ್ಲಿ ಸೀನಾಯಿಯ ಬಿರುದುಗಳೂ ಹೋಶೇಯನ ಮಾತುಗಳೂ ಒಟ್ಟಿಗೆ ಬರುತ್ತವೆ. ಆ ಪತ್ರ ಬರೆದದ್ದು ಏಷ್ಯಾ ಮೈನರಿನಲ್ಲಿ ಚದರಿ, ಪರದೇಶಿಗಳೂ ಪ್ರವಾಸಿಗಳೂ ಎನಿಸಿಕೊಂಡು ಬದುಕುತ್ತಿದ್ದ ಸಣ್ಣ ಗುಂಪುಗಳಿಗೆ. ಜಮಖಂಡಿಯಂಥ ಊರಿನಲ್ಲಿ ಬೆರಳೆಣಿಕೆಯ ಮನೆಗಳು ಸೇರಿ ಆರಾಧಿಸುವ ಸಭೆಗೆ ಈ ಪತ್ರ ಹತ್ತಿರವೆನಿಸುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಪೌಲನ ಪತ್ರಗಳು ಸಭೆಯನ್ನು ಕ್ರಿಸ್ತನ ದೇಹವೆಂದು ಬಣ್ಣಿಸುತ್ತವೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಯೆಹೂದ್ಯ–ಗ್ರೀಕ, ದಾಸ–ಸ್ವತಂತ್ರ, ಗಂಡು–ಹೆಣ್ಣು ಎಂಬ ಭೇದಗಳು ದೀಕ್ಷಾಸ್ನಾನದಲ್ಲಿ ಅಳಿದವೆಂಬ ವಾದವಿದೆ; ಭಾರತದ ಸಭೆಗಳಲ್ಲಿ ಜಾತಿಯ ಪ್ರಶ್ನೆ ಎದ್ದಾಗಲೆಲ್ಲ ಚರ್ಚೆಗೆ ಬಂದದ್ದು ಈ ಭಾಗವೇ. ಅಪೊಸ್ತಲರ ಕೃತ್ಯಗಳು ಪಂಚಾಶತ್ತಮ ದಿನದಂದು ಪವಿತ್ರಾತ್ಮನು ಇಳಿದುಬಂದುದನ್ನು ಸಭೆಯ ಆರಂಭವಾಗಿ ಕಾಣುತ್ತದೆ. ಅದರ ಪ್ರಕಾರ ಮೊದಲ ಸಭೆ ಅಪೊಸ್ತಲರ ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವಿಕೆ ಮತ್ತು ಪ್ರಾರ್ಥನೆಗಳಲ್ಲಿ ನಿರತವಾಗಿತ್ತು. ಶಿಷ್ಯರಿಗೆ ‘ಕ್ರೈಸ್ತರು’ ಎಂಬ ಹೆಸರು ಮೊದಲು ಬಂದದ್ದು ಅಂತಿಯೋಕ್ಯದಲ್ಲಿ.

ಸಿದ್ಧಾಂತದ ಬೆಳವಣಿಗೆ

381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯೊಡನೆ ಗುರುತಿಸಲಾಗುವ ನೈಸೀಯ ವಿಶ್ವಾಸಪ್ರಮಾಣವು ಸಭೆ ಏಕ, ಪವಿತ್ರ, ಸಾರ್ವತ್ರಿಕ, ಅಪೊಸ್ತಲಿಕ ಎಂದು ನಾಲ್ಕು ಲಕ್ಷಣಗಳನ್ನು ಹೇಳುತ್ತದೆ. 16ನೆಯ ಶತಮಾನದ ಸುಧಾರಣೆಯ ಕಾಲದಲ್ಲಿ ಮಾರ್ಟಿನ್ ಲೂಥರ್ ಎಲ್ಲ ವಿಶ್ವಾಸಿಗಳೂ ಯಾಜಕರೇ ಎಂದು ಬೋಧಿಸಿದ. ದೇವರ ವಾಕ್ಯ ಶುದ್ಧವಾಗಿ ಬೋಧಿಸಲ್ಪಡುವ, ಸಂಸ್ಕಾರಗಳು ಸರಿಯಾಗಿ ನಡೆಯುವ ಕಡೆಯಲ್ಲೇ ಸಭೆ ಇದೆ ಎಂಬುದು ಲೂಥರನ್ ಪರಂಪರೆಯ ಅಳತೆ.

ಉತ್ತರ ಕರ್ನಾಟಕಕ್ಕೆ ಬಂದ ಬಾಸೆಲ್ ಮಿಶನ್ ಹುಟ್ಟಿದ್ದು ದಕ್ಷಿಣ ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ಭಕ್ತಿಪಂಥದಿಂದ. ವೈಯಕ್ತಿಕ ಮನಪರಿವರ್ತನೆ, ಮನೆಯಲ್ಲಿ ವೇದಪಾರಾಯಣ, ದುಡಿಮೆ ಮತ್ತು ಶಿಸ್ತು ಆ ಪಂಥದ ಒಲವುಗಳು. ಇಲ್ಲಿನ ಸಭೆಗಳ ಮನೋಧರ್ಮದಲ್ಲಿ ಇವು ಇಂದಿಗೂ ಕಾಣುತ್ತವೆ.

ಕಥೋಲಿಕ ಧರ್ಮಸಭೆಯಲ್ಲಿ ದೇವಪ್ರಜೆಯ ಕಲ್ಪನೆಗೆ ಹೊಸ ಒತ್ತು ಬಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ. ಸಭೆಯನ್ನು ಕುರಿತು 1964ರಲ್ಲಿ ಹೊರಬಂದ ಅದರ ಮುಖ್ಯ ದಾಖಲೆ ಶ್ರೇಣಿವ್ಯವಸ್ಥೆಯ ವಿವರಣೆಗೆ ಮುಂಚೆಯೇ ದೇವಪ್ರಜೆಗೆಂದು ಒಂದು ಅಧ್ಯಾಯ ಮೀಸಲಿಟ್ಟಿತು. ಬಿಷಪ್, ಗುರು, ಕನ್ಯಾಸ್ತ್ರೀ, ಗೃಹಸ್ಥ ಎಲ್ಲರೂ ಮೊದಲು ಒಂದೇ ಪ್ರಜೆ, ಆಮೇಲೆ ಬೇರೆ ಬೇರೆ ಕಾರ್ಯದವರು ಎಂಬುದು ಈ ಕ್ರಮದ ಅರ್ಥ. ಲತೀನಿನ ಬದಲು ಕನ್ನಡದಲ್ಲಿ ಬಲಿಪೂಜೆ ನಡೆಯತೊಡಗಿದ್ದೂ ಈ ಮಹಾಸಭೆಯ ನಂತರವೇ.

ಉತ್ತರ ಕರ್ನಾಟಕದಲ್ಲಿ ಸಭೆಯ ಸ್ಥಾಪನೆ

ಬ್ರಿಟಿಷ್ ಪಾರ್ಲಿಮೆಂಟು 1833ರ ಸನ್ನದು ಕಾಯಿದೆಯ ಮೂಲಕ ಬ್ರಿಟಿಷರಲ್ಲದ ಮಿಶನರಿಗಳಿಗೂ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯಲ್ಲಿ ದಾರಿ ತೆರೆಯಿತು. 1815ರಲ್ಲಿ ಸ್ಥಾಪನೆಯಾಗಿದ್ದ ಬಾಸೆಲ್ ಮಿಶನ್ನಿನ ಮೂವರು, ಸಾಮ್ಯುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಘಟ್ಟದ ಮೇಲೆ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ ಮಿಶನ್ ಕೇಂದ್ರಗಳಾದವು. ಗದಗಿನ ಹತ್ತಿರದ ಮಲಸಮುದ್ರದಲ್ಲಿ ಒಕ್ಕಲುತನದ ಮೇಲೆ ನಿಲ್ಲುವ ಕ್ರೈಸ್ತ ವಸತಿಯೊಂದನ್ನು ಕಟ್ಟುವ ಪ್ರಯತ್ನ ನಡೆಯಿತು; ಅದು ಬಹುಕಾಲ ಉಳಿಯಲಿಲ್ಲ. ಬೆಳಗಾವಿಯಲ್ಲಿ ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ 1820ರಲ್ಲೇ ಕೆಲಸ ಆರಂಭಿಸಿದ್ದ.

ಇವುಗಳಲ್ಲಿ ಈ ನಾಲ್ಕು ತಾಲ್ಲೂಕುಗಳಿಗೆ ಅತಿ ಸಮೀಪದ್ದು ಗುಳೇದಗುಡ್ಡ. ಖಣದ ನೇಯ್ಗೆಗೆ ಹೆಸರಾದ ಆ ಊರಿನ ಸಭೆ ನೇಕಾರರ ನಡುವೆ ಬೆಳೆಯಿತು. ಮಿಶನರಿಗಳಿಗೆ ಎದುರಾದದ್ದು ಶರಣಪರಂಪರೆ, ಮಠ, ವಚನ, ಕಾಲಜ್ಞಾನಗಳಿಂದ ಹದಗೊಂಡ ಜನ. ಗುರು, ಪ್ರಸಾದ, ದೀಕ್ಷೆ, ಭಕ್ತಸಮುದಾಯ ಎಂಬ ಭಾವನೆಗಳು ಇಲ್ಲಿ ಮೊದಲೇ ಬೇರುಬಿಟ್ಟಿದ್ದವು. ಜಾತಿಯನ್ನು ಮೀರಿದ ಶರಣಕೂಟದ ನೆನಪೂ ಇತ್ತು. ಹೊಸ ಸಭೆ ತನ್ನನ್ನು ವಿವರಿಸಿಕೊಳ್ಳಬೇಕಾದದ್ದು ಈ ನೆನಪಿನ ಎದುರಿಗೆ.

1876–78ರ ಬರ ಆಗಿನ ಕಲಾದಗಿ ಜಿಲ್ಲೆಯನ್ನು ಬಹಳವಾಗಿ ಬಾಧಿಸಿತು. ಬರದಲ್ಲಿ ಅನಾಥರಾದ ಮಕ್ಕಳ ಪಾಲನೆ ಮಿಶನ್ನಿನ ಕೆಲಸದ ದೊಡ್ಡ ಭಾಗವಾಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು ಹೊರಗೆ ಕಳಿಸಿತು. ಸ್ವಿಟ್ಜರ್ಲೆಂಡಿನಲ್ಲಿ ರಚಿತವಾದ ಕನಾರೀಸ್ ಇವ್ಯಾಂಜೆಲಿಕಲ್ ಮಿಶನ್ ಕೆಲಸವನ್ನು ಮುಂದುವರಿಸಿತಾದರೂ, ಸಭೆಯ ಹೊಣೆ ಸ್ಥಳೀಯ ಪಾಲಕರ ಮತ್ತು ಹಿರಿಯರ ಹೆಗಲಿಗೆ ಹೆಚ್ಚು ಹೆಚ್ಚಾಗಿ ಬಂದದ್ದು ಆ ವರ್ಷಗಳಲ್ಲೇ.

ನಾಲ್ಕು ತಾಲ್ಲೂಕುಗಳ ವಿಶೇಷ ಸ್ಥಿತಿ

ಬ್ರಿಟಿಷರ ಕಾಲದಲ್ಲಿ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ಇಂದು ಒಂದೇ ನಗರಸಭೆಯಲ್ಲಿರುವ ರಬಕವಿ ಮತ್ತು ಬನಹಟ್ಟಿ ಆಗ ಇಬ್ಬರು ಅರಸರಿಗೆ ಸೇರಿದ್ದವು: ರಬಕವಿ ಸಾಂಗ್ಲಿಗೆ, ಬನಹಟ್ಟಿ ಜಮಖಂಡಿಗೆ. ಬೀಳಗಿ ಮಾತ್ರ ನೇರ ಬ್ರಿಟಿಷ್ ಆಡಳಿತದಲ್ಲಿ, ಕಲಾದಗಿ ಜಿಲ್ಲೆಯೊಳಗಿತ್ತು. 1885ರಲ್ಲಿ ಆ ಜಿಲ್ಲೆಯ ಮುಖ್ಯಸ್ಥಾನ ವಿಜಾಪುರಕ್ಕೆ ಹೋಯಿತು. ಬಾಸೆಲ್ ಮಿಶನ್ನಿನ ಮುಖ್ಯ ಕೇಂದ್ರಗಳೆಲ್ಲ ಬ್ರಿಟಿಷ್ ಸೀಮೆಯಲ್ಲಿದ್ದವು. ಮತಾಂತರಗೊಂಡವರ ಆಸ್ತಿಹಕ್ಕನ್ನು ಕಾಯುವ 1850ರ ಜಾತಿ ಅನರ್ಹತೆ ನಿವಾರಣಾ ಕಾಯಿದೆಯೂ ಬ್ರಿಟಿಷ್ ಸೀಮೆಗೆ ಮಾಡಿದ್ದು, ಸಂಸ್ಥಾನಗಳಿಗಲ್ಲ. ಜಾತಿ ಬಿಟ್ಟವನು ಹೊಲ, ಮನೆ, ಮಗ್ಗಗಳ ಪಾಲು ಕಳೆದುಕೊಳ್ಳುವ ಭಯ ದೊಡ್ಡದಾಗಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಗುಳೇದಗುಡ್ಡದ ನೇಕಾರರ ನಡುವೆ ಹಳೆಯ ಸಭೆ ಇರುವಾಗ, ಹಾಗೆಯೇ ನೇಕಾರರಿರುವ ರಬಕವಿ–ಬನಹಟ್ಟಿಯಲ್ಲಿ ಅಂಥ ಮಿಶನ್ ಕೇಂದ್ರ ಏಳದಿದ್ದುದಕ್ಕೆ ಈ ಗಡಿಗಳೂ ಒಂದು ಕಾರಣವೆಂದು ಎಣಿಸಬಹುದು.

ಸಂಸ್ಥಾನಗಳ ವ್ಯವಹಾರ ಹೆಚ್ಚಾಗಿ ಮರಾಠಿಯಲ್ಲಿತ್ತು; ಸಂಬಂಧಗಳು ಕೊಲ್ಹಾಪುರ, ಸಾಂಗ್ಲಿ, ಮಿರಜಗಳ ಕಡೆಗೆ ಇದ್ದವು. ಆ ಭಾಗದಲ್ಲಿ ಅಮೆರಿಕನ್ ಪ್ರೆಸ್ಬಿಟೇರಿಯನ್ನರು ಕೆಲಸ ಮಾಡಿದರು. ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಆರಂಭಿಸಿದ ಆಸ್ಪತ್ರೆಗೆ ಕೃಷ್ಣಾತೀರದ ಕನ್ನಡ ಹಳ್ಳಿಗಳಿಂದಲೂ ರೋಗಿಗಳು ಹೋಗುತ್ತಿದ್ದರು. ಈ ಸೀಮೆಯ ಅನೇಕ ಮನೆಗಳಿಗೆ ಕ್ರೈಸ್ತರ ಪರಿಚಯವಾದದ್ದು ಪ್ರಸಂಗಪೀಠದಿಂದಲ್ಲ, ಆಸ್ಪತ್ರೆಯ ಹಾಸಿಗೆಯಿಂದ.

1948ರಲ್ಲಿ ದಖ್ಖನಿನ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ, 1997ರಲ್ಲಿ ಹೊಸ ಬಾಗಲಕೋಟೆ ಜಿಲ್ಲೆಗೆ ಸೇರಿತು.

ರಚನೆ

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ದೊಡ್ಡದು ದಕ್ಷಿಣ ಭಾರತ ಸಭೆ. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಮೂಲದ ಸಭೆಗಳು ಕೂಡಿ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಇದನ್ನು ರಚಿಸಿದವು. ಬಿಷಪ್ ಪದವಿಯನ್ನು ಒಪ್ಪುವವರೂ ಒಪ್ಪದವರೂ ಒಂದೇ ಸಭೆಯಾದ ಈ ಘಟನೆ ಲೋಕದ ಸಭಾಚರಿತ್ರೆಯಲ್ಲೇ ಅಪರೂಪದ್ದು. ಮುಂಬಯಿ ಕರ್ನಾಟಕದ ಬಾಸೆಲ್ ಮಿಶನ್ ಸಭೆಗಳು ಆಗಲೇ ಸೇರದೆ, ಮುಂದೆ ಸೇರಿದವು. 1970ರಲ್ಲಿ ರೂಪುಗೊಂಡ ಕರ್ನಾಟಕ ಉತ್ತರ ಸಭಾಪ್ರಾಂತದ ಕೇಂದ್ರ ಧಾರವಾಡ. ಊರಿನ ಸಭೆಯನ್ನು ಸಭಾಪಾಲಕರೂ ಚುನಾಯಿತ ಹಿರಿಯರ ಸಮಿತಿಯೂ ನಡೆಸುತ್ತವೆ. ಸಭಾಪಾಲಕರು ದೂರದಲ್ಲಿರುವ ಕಡೆ ಹಿರಿಯರೋ ಉಪದೇಶಕರೋ ಭಾನುವಾರದ ಆರಾಧನೆ ನಡೆಸುತ್ತಾರೆ. ಕರ್ತನ ಭೋಜನ ಮಾತ್ರ ಅಭಿಷಿಕ್ತ ಸಭಾಪಾಲಕರು ಬಂದಾಗ. ಪಾಲಕರ ತರಬೇತಿಯ ಮುಖ್ಯ ಸಂಸ್ಥೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು. ಅದರ ಮೂಲ 1847ರ ಬಾಸೆಲ್ ಮಿಶನ್ ಸೆಮಿನರಿ.

ಕಥೋಲಿಕರು 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರುತ್ತಾರೆ. ಧರ್ಮಾಧ್ಯಕ್ಷರ ಕೆಳಗೆ ಧರ್ಮಕೇಂದ್ರಗಳು, ಅವುಗಳಿಗೆ ಹೊಂದಿಕೊಂಡ ಉಪಕೇಂದ್ರಗಳು ಇರುತ್ತವೆ. ಅಮೆರಿಕನ್ ಮೂಲದ ಮೆಥಡಿಸ್ಟ್ ಸಭೆ ಲಂಡನ್ ಮಿಶನ್ನಿನಿಂದ ಬೆಳಗಾವಿಯ ಕೆಲಸವನ್ನು ವಹಿಸಿಕೊಂಡಿತು; ಅದು ದಕ್ಷಿಣ ಭಾರತ ಸಭೆಯ ಹೊರಗಿದೆ.

ಮೂರನೆಯ ಬಗೆ ಪೆಂತೆಕೊಸ್ತ ಮತ್ತು ಸ್ವತಂತ್ರ ಪ್ರಾರ್ಥನಾ ಕೂಟಗಳದು. ಇವು ಕಳೆದ ಕೆಲವು ದಶಕಗಳಲ್ಲಿ ಉತ್ತರ ಕರ್ನಾಟಕದ ತಾಲ್ಲೂಕು ಊರುಗಳಲ್ಲಿ ಹರಡಿವೆ. ಮನೆಯ ಪಡಸಾಲೆಯೋ ಬಾಡಿಗೆಯ ಸಭಾಂಗಣವೋ ಇವುಗಳ ನೆಲೆ. ಪ್ರಾಯಕ್ಕೆ ಬಂದವರಿಗೆ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುತ್ತಾರೆ, ಶಿಶುದೀಕ್ಷೆಯನ್ನು ಒಪ್ಪುವುದಿಲ್ಲ. ಯಾರು ದೇವಜನರಲ್ಲಿ ಎಣಿಕೆಯಾಗುತ್ತಾರೆ ಎಂಬ ಪ್ರಶ್ನೆಗೆ ಇಲ್ಲಿ ಎರಡು ಉತ್ತರಗಳು ಎದುರುಬದುರಾಗುತ್ತವೆ: ಒಡಂಬಡಿಕೆ ಮನೆತನವನ್ನೆಲ್ಲ ಒಳಗೊಳ್ಳುತ್ತದೆ ಎಂಬುದು ಒಂದು, ಸ್ವಂತ ನಂಬಿಕೆಯನ್ನು ಅರಿಕೆಮಾಡಿದವನೇ ಸದಸ್ಯ ಎಂಬುದು ಇನ್ನೊಂದು.

ಆರಾಧನೆ ಮತ್ತು ಭಾಷೆ

ಕನ್ನಡ ಬೈಬಲ್ ಇಲ್ಲದೆ ಇಲ್ಲಿನ ಸಭೆಗೆ ಮಾತೇ ಇಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್‌ನ ಅನುವಾದ 1831ರ ಹೊತ್ತಿಗೆ ಪೂರ್ಣಗೊಂಡಿತು. ಬಾಸೆಲ್ ಮಿಶನ್ನಿನವರು ಅದರ ಪರಿಷ್ಕರಣೆಯಲ್ಲಿ ತೊಡಗಿದರು. ಅವರಲ್ಲೊಬ್ಬನಾದ ಫರ್ಡಿನಾಂಡ್ ಕಿಟೆಲ್ 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ ಎಂದು ಬರೆದ; ಅವನ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂತು. ಜರ್ಮನ್ ಧಾಟಿಯ ಸಂಗೀತಗಳೂ ದೇಶೀಯ ಮಟ್ಟಿನ ಹಾಡುಗಳೂ ಒಂದೇ ಸಂಗೀತ ಪುಸ್ತಕದಲ್ಲಿ ಅಕ್ಕಪಕ್ಕ ಇರುತ್ತವೆ. ಭಜನೆಯ ರೂಢಿ ಗಟ್ಟಿಯಾಗಿರುವ ಹಳ್ಳಿಗಳಲ್ಲಿ ಎರಡನೆಯದರ ಕಡೆಗೇ ಒಲವು ಹೆಚ್ಚು.

ಭಾನುವಾರದ ಕ್ರಮದಲ್ಲಿ ಪಾಪನಿವೇದನೆ, ವೇದಪಾಠ, ಪ್ರಸಂಗ, ವಿಶ್ವಾಸಪ್ರಮಾಣ, ಮಧ್ಯಸ್ಥಿಕೆಯ ಪ್ರಾರ್ಥನೆ, ಕಾಣಿಕೆ ಇರುತ್ತವೆ. ಸುಗ್ಗಿಯ ಕೃತಜ್ಞತಾರಾಧನೆಗೆ ಬೆಳೆದ ಕಾಳು, ಕಾಯಿ, ಕಬ್ಬುಗಳನ್ನು ತಂದು ಒಪ್ಪಿಸಿ, ಆರಾಧನೆ ಮುಗಿದ ಮೇಲೆ ಲಿಲಾವು ಮಾಡುವ ಪದ್ಧತಿ ಒಕ್ಕಲುತನದ ಸಭೆಗಳಲ್ಲಿದೆ. ಸತ್ತವರನ್ನು ಹೂಳುವುದು ಕ್ರೈಸ್ತರ ರೂಢಿ. ಲಿಂಗಾಯತರೂ ಹೂಳುವುದರಿಂದ ಈ ಸೀಮೆಯಲ್ಲಿ ಅದು ವಿಚಿತ್ರವೆನಿಸಲಿಲ್ಲ. ತೊಡಕು ಸಾಮಾನ್ಯವಾಗಿ ಬರುವುದು ಸ್ಮಶಾನದ ಜಾಗಕ್ಕೆ.

ಉದ್ದೇಶ ಮತ್ತು ಕಾರ್ಯ

ಸಭೆಯ ಉದ್ದೇಶವನ್ನು ಆರಾಧನೆ, ಅನ್ಯೋನ್ಯತೆ, ಸೇವೆ, ಸಾಕ್ಷಿ ಎಂದು ವಿಂಗಡಿಸುವುದು ವಾಡಿಕೆ. ಪೇತ್ರನ ಪತ್ರದ ಪ್ರಕಾರ ದೇವಜನರು ಆರಿಸಲ್ಪಟ್ಟಿರುವುದು ತಮ್ಮನ್ನು ಕತ್ತಲೆಯಿಂದ ಕರೆದವನ ಗುಣಗಳನ್ನು ಸಾರುವುದಕ್ಕೆ. ಹೀಗೆ ಆಯ್ಕೆ ಹಕ್ಕಿಗಿಂತ ಹೆಚ್ಚಾಗಿ ಹೊಣೆ. ಹಳೆಯ ಒಡಂಬಡಿಕೆಯ ಪ್ರವಾದಿಗಳು ಇಸ್ರಾಯೇಲಿಗೆ ಹೇಳಿದ್ದೂ ಇದನ್ನೇ.

ಸೇವೆಯ ಕ್ಷೇತ್ರದಲ್ಲಿ ಶಾಲೆ, ವಸತಿನಿಲಯ, ಆಸ್ಪತ್ರೆ, ಮುದ್ರಣಾಲಯಗಳು ಮುಂಚೂಣಿಯಲ್ಲಿದ್ದವು. ಗದಗ–ಬೆಟಗೇರಿಯ ಮಿಶನ್ ಆಸ್ಪತ್ರೆ, ಧಾರವಾಡ–ಹುಬ್ಬಳ್ಳಿಯ ಶಾಲೆಗಳು, ಧಾರವಾಡದ ಕಿಟೆಲ್ ಕಾಲೇಜು ಈ ಪರಂಪರೆಯವು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಶನ್ನಿನವನೇ.

ಸಾಕ್ಷಿಯ ಬಗೆ ಕುರಿತು ಸಭೆಯೊಳಗೇ ಭಿನ್ನಾಭಿಪ್ರಾಯಗಳಿವೆ. ಮನಪರಿವರ್ತನೆಗೆ ಕರೆಯುವುದೇ ಸಾಕ್ಷಿ ಎನ್ನುವವರಿದ್ದಾರೆ; ನಾಡಿನ ಸಂಪ್ರದಾಯಗಳೊಡನೆ ಸಂವಾದವೂ ಸಾಕ್ಷಿಯೇ ಎನ್ನುವವರಿದ್ದಾರೆ. ಎರಡನೆಯ ದಾರಿಯ ದೊಡ್ಡ ಉದಾಹರಣೆ ಉತ್ತಂಗಿ ಚನ್ನಪ್ಪ (1881–1962). ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿದ್ದ ಅವರು ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ‘ಬನಾರಸಕ್ಕೆ ಬೆತ್ಲೆಹೇಮದ ವಿನಂತಿ’ ಎಂಬ ಕೃತಿಯಲ್ಲಿ ಭಾರತೀಯ ಧರ್ಮಚಿಂತನೆಯನ್ನು ಕ್ರೈಸ್ತನಾಗಿ ಎದುರುಗೊಂಡರು. ಶರಣರ ಕೂಟವಾದ ಅನುಭವ ಮಂಟಪದ ಐತಿಹಾಸಿಕತೆಯ ಪರವಾಗಿ ಬರೆದರು. 1949ರ ಕಲಬುರ್ಗಿ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮನೆತನದ ಹೆಸರನ್ನೂ ಕನ್ನಡದ ನಡೆಯನ್ನೂ ಬಿಡದೆ ಸಭೆಯ ಪಾಲಕರಾಗಿ ಬಾಳಿದ ಅವರ ಬದುಕು, ದೇವಜನರಾಗುವುದೆಂದರೆ ನಾಡಿನ ಜನರಿಂದ ಬೇರೆಯಾಗುವುದು ಎಂಬ ಎಣಿಕೆಗೆ ಬಲವಾದ ಉತ್ತರ.

ಜಾತಿ ಮತ್ತು ಏಕತೆ

ಸಭೆ ಒಂದೇ ಪ್ರಜೆ ಎಂಬ ಬೋಧನೆ ಅತ್ಯಂತ ಕಠಿಣ ಪರೀಕ್ಷೆಗೆ ಒಳಗಾದದ್ದು ಜಾತಿಯ ವಿಷಯದಲ್ಲಿ. ಬಾಸೆಲ್ ಮಿಶನ್ ದೀಕ್ಷಾಸ್ನಾನಕ್ಕೆ ಮುಂಚೆ ಜಾತಿಯ ಕಟ್ಟುಗಳನ್ನು ಬಿಡಬೇಕೆಂದು ವಿಧಿಸಿತ್ತು. ಒಂದೇ ಬಟ್ಟಲಿನಿಂದ ಕರ್ತನ ಭೋಜನದಲ್ಲಿ ಪಾಲುಗೊಳ್ಳುವುದು ಇದರ ಬಹಿರಂಗ ಗುರುತು. ಹಾಗೆ ಬಂದವರು ಬಳಗವನ್ನೂ ಕಸುಬನ್ನೂ ಕಳೆದುಕೊಂಡಾಗ ಮಿಶನ್ ಕೆಲಸ, ಮನೆ ಒದಗಿಸಬೇಕಾಯಿತು. ಇದರಿಂದ ಸಭೆ ಮಿಶನ್ ಅಂಗಳಕ್ಕೆ ಅಂಟಿಕೊಂಡಿತೆಂಬ ಟೀಕೆಯೂ ಹುಟ್ಟಿತು. ನೇಕಾರ, ಒಕ್ಕಲಿಗ, ದಲಿತ ಹಿನ್ನೆಲೆಯವರು ಒಂದೇ ಸಭೆಯಲ್ಲಿ ಕುಳಿತರೂ, ಮದುವೆಯ ಮಾತು ಬಂದಾಗ ಹಳೆಯ ಗುರುತುಗಳು ಮರಳಿ ತಲೆಯೆತ್ತುವುದು ಭಾರತದ ಸಭೆಗಳಲ್ಲೆಲ್ಲ ಕಂಡದ್ದೇ. ದಲಿತ ದೇವಶಾಸ್ತ್ರವು 1980ರ ದಶಕದಿಂದ ಈ ಪ್ರಶ್ನೆಯನ್ನು ಸಭೆಯೊಳಗಿನಿಂದಲೇ ಎತ್ತಿದೆ.

ಇಂದಿನ ಸ್ಥಿತಿ

2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆಯ ಶೇ 1.87ರಷ್ಟು ಕ್ರೈಸ್ತರು. ಬಾಗಲಕೋಟೆ ಜಿಲ್ಲೆಯಲ್ಲಿ ಅವರ ಪಾಲು ಶೇ 1ಕ್ಕಿಂತ ಕಡಿಮೆ. ಶಿಕ್ಷಕರು, ದಾದಿಯರು, ಸರ್ಕಾರಿ ನೌಕರರು ವರ್ಗವಾಗಿ ಬಂದು ಹೋಗುವುದರಿಂದ ತಾಲ್ಲೂಕು ಊರಿನ ಸಭೆಗಳ ಸದಸ್ಯತ್ವ ಏರಿಳಿಯುತ್ತದೆ. ಓದಿದ ಮಕ್ಕಳು ಹುಬ್ಬಳ್ಳಿ, ಬೆಂಗಳೂರು, ಪುಣೆಗಳಿಗೆ ಹೋಗಿ ನೆಲೆಸುತ್ತಾರೆ. ಮದುವೆಗಳು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯಂತೆ ನಡೆದು ಸಭೆಯ ದಫ್ತರಿನಲ್ಲಿ ದಾಖಲಾಗುತ್ತವೆ.

ಕರ್ನಾಟಕ ಸರ್ಕಾರ 2022ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯಿದೆಯನ್ನು ಜಾರಿಗೆ ತಂದಿತು. ಮತಾಂತರಕ್ಕೆ ಮುಂಚಿತವಾಗಿ ಜಿಲ್ಲಾಧಿಕಾರಿಗೆ ತಿಳಿಸುವುದನ್ನು ಅದು ಕಡ್ಡಾಯಗೊಳಿಸಿತು. ಮನೆಗಳಲ್ಲಿ ಕೂಡುವ ಪ್ರಾರ್ಥನಾ ಕೂಟಗಳಿಗೆ ಇದು ಹೆಚ್ಚು ಆತಂಕ ತಂದಿತು. ಬಲವಂತ ಮತ್ತು ಆಮಿಷವನ್ನು ತಡೆಯಲು ಕಾಯಿದೆ ಬೇಕೆಂಬುದು ಅದರ ಸಮರ್ಥಕರ ನಿಲುವು. 2023ರ ಜೂನ್ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು.

1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಮೊದಲು ಹಿಂದೂಗಳಿಗೆ ಮೀಸಲಾಗಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತ ದಲಿತರು ಈ ಪಟ್ಟಿಯ ಹೊರಗಿದ್ದಾರೆ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗಳಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಡಲಾಗಿದೆ. ಮತಾಂತರಗೊಂಡ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನ ನೀಡುವ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅಧ್ಯಕ್ಷತೆಯ ಆಯೋಗವನ್ನು ನೇಮಿಸಿತು.